ಹಿಮ ತಳ್ಳುವ ಸಣ್ಣ ಟ್ರಾಕ್ಟರಿಗೆ ಯಾವ ಟೈರ್?

ಅಮೆರಿಕದ ಮಿನ್ನೆಸೋಟ, ವರ್ಮಾಂಟ್ ಕಡೆ ಮನೆ ಮುಂದಿನ ಹಿಮ ತಳ್ಳಲು ಸಣ್ಣ ಟ್ರಾಕ್ಟರ್ ಇಟ್ಟುಕೊಂಡವರಿಗೆ ಒಂದು ಮಾತು. ಇವುಗಳಲ್ಲಿ ಹೆಚ್ಚಾಗಿ ಇರುವುದು ಆರ್4, ಅಂದರೆ ಕೈಗಾರಿಕಾ ಮಾದರಿಯ ಟೈರ್. ಲೋಡರ್ (ಮುಂದಿನ ಬಕೆಟ್) ಕೆಲಸಕ್ಕೆ ಚೆನ್ನ, ಮಂಜುಗಡ್ಡೆ ಮೇಲೆ ಮಾತ್ರ ಸುಮ್ನೆ ಜಾರುತ್ತದೆ. ಹಿಂದಿನ ಚಕ್ರಗಳಿಗೆ ಚೈನ್ ಹಾಕಿದರೆ ಅರ್ಧ ತಲೆನೋವು ಹೋಯಿತು. ಚೈನ್ ಫೆಂಡರಿಗೆ (ಮಡ್‌ಗಾರ್ಡ್) ತಾಗುತ್ತಾ ಅಂತ ಮೊದಲೇ ಅಳೆದು ನೋಡಿ.

ಟೈರ್ ಬದಲಿಸುವಾಗ ಎಡವುವುದು ಇಲ್ಲೇ: ಫೋರ್ ವೀಲ್ ಡ್ರೈವ್ ಇದ್ದರೆ ಮುಂದಿನ, ಹಿಂದಿನ ಟೈರುಗಳ ಸುತ್ತಳತೆ ಗೇರ್ ಅನುಪಾತಕ್ಕೆ ಹೊಂದಲೇಬೇಕು. ಹಿಂದಿನದನ್ನಷ್ಟೇ ಬೇರೆ ಸೈಜಿಗೆ ಬದಲಿಸಿದರೆ ಮುಂದಿನ ಆಕ್ಸಲ್ ಗೇರುಗಳಿಗೆ ಪೆಟ್ಟು. ಟೈರ್ ಬರೀ ರಿಮ್ಮಿಗೆ ಚೆನ್ನಾಗಿ ಕೂತರೆ ಸಾಲದು, ಅಲ್ವಾ?

ಭಾರಕ್ಕೆಂದು ಟೈರೊಳಗೆ ಬರೀ ನೀರು ತುಂಬಬೇಡಿ, ಹೆಪ್ಪುಗಟ್ಟುತ್ತದೆ. ಅಲ್ಲಿಯವರು ಸಕ್ಕರೆ ಬೀಟಿನ ರಸ ತುಂಬಿಸುತ್ತಾರೆ. ನಗಬೇಡಿ, ನಿಜ! ಇದೇ ಕೆಲಸಕ್ಕೆ ತುಂಬುವ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪಿನ ದ್ರಾವಣ ರಿಮ್ಮಿಗೆ ತುಕ್ಕು ಹಿಡಿಸುತ್ತದೆ, ಬೀಟಿನ ರಸ ಹಿಡಿಸುವುದಿಲ್ಲ, ಬೆಲೆ ಮಾತ್ರ ಜಾಸ್ತಿ.