ಗದ್ದದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ ಇಷ್ಟು ಮಾಡಿ

ಹಾಸನದಲ್ಲಿ 16 ವರ್ಷದಿಂದ ಲೇಡೀಸ್ ಪಾರ್ಲರ್ ನಡೆಸುತ್ತಿದ್ದೇನೆ. ಹುಬ್ಬಿಗೆ ಥ್ರೆಡ್ಡಿಂಗ್ ಮಾಡಿಸಲು ಬಂದವರು ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳುತ್ತಾರೆ, "ಅಕ್ಕಾ, ಗದ್ದದ ಕೆಳಗೂ ಸ್ವಲ್ಪ ನೋಡ್ತೀರಾ?" ಪಕ್ಕದ ಕುರ್ಚಿಯವರಿಗೆ ಕೇಳಿಸಬಾರದು, ಅಷ್ಟು ಮೆಲ್ಲಗೆ. ನಾನು ತೆಗೆದುಕೊಡುತ್ತೇನೆ. ತೆಗೆಯುತ್ತಾ ಒಂದು ಮಾತು ಕೇಳುತ್ತೇನೆ: "ಮುಟ್ಟು ಸರಿಯಾಗಿ ಆಗ್ತಿದ್ಯಾ?"

ಹೀಗೆ ಕೇಳಲು ಕಲಿತದ್ದು ನನ್ನ ತಂಗಿಯಿಂದ. ಅವಳಿಗೆ 19 ವರ್ಷವಾಗಿದ್ದಾಗ ಗದ್ದದಲ್ಲಿ ಕಪ್ಪು, ದಪ್ಪ ಕೂದಲು ಶುರುವಾಯಿತು. ಎರಡು ವರ್ಷ ಹದಿನೈದು ದಿನಕ್ಕೊಮ್ಮೆ ನಾನೇ ತೆಗೆದೆ. ಕತ್ತಿನ ಹಿಂದೆ ಕಪ್ಪಾಗಿದ್ದನ್ನು ಕೊಳೆ ಅಂದುಕೊಂಡು ಸ್ಕ್ರಬ್ ಹಾಕಿ ಉಜ್ಜಿದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು. ಮೊದಲು ತೋರಿಸಿದ ಡಾಕ್ಟರು "ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ" ಎಂದು ಕಳಿಸಿದರು. ಅದು ತಪ್ಪು. ಎರಡನೆಯವರು ಕೂರಿಸಿಕೊಂಡು ವಿವರಿಸಿದರು.

ಗಂಡು ಹಾರ್ಮೋನ್ ಅನ್ನುವ ಆಂಡ್ರೋಜನ್ ಎಲ್ಲ ಹೆಣ್ಣುಮಕ್ಕಳಲ್ಲೂ ಸ್ವಲ್ಪ ಇರುತ್ತದೆ. ಅಂಡಾಶಯ ಮತ್ತು ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅದನ್ನು ತಯಾರಿಸುತ್ತವೆ. ಅದು ಜಾಸ್ತಿಯಾಗುವುದಕ್ಕೆ ಹೆಚ್ಚಿನವರಲ್ಲಿ ಕಾರಣ ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರಿನ ಕಾಯಿಲೆ. ನಮ್ಮಲ್ಲಿ ಪಿಸಿಓಡಿ ಅಂತಾರಲ್ವಾ, ಅದೇ. ಇಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಪಾತ್ರ ದೊಡ್ಡದು. ಮೈ ಇನ್ಸುಲಿನ್ ಮಾತು ಕೇಳದಿದ್ದಾಗ ದೇಹ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಆಗ ಅಂಡಾಶಯದಲ್ಲಿ ಆಂಡ್ರೋಜನ್ ಹೆಚ್ಚುತ್ತದೆ. ಲಿವರ್ ತಯಾರಿಸುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ಸಾಮಾನ್ಯವಾಗಿ ಟೆಸ್ಟೊಸ್ಟಿರಾನ್ ಎಂಬ ಆಂಡ್ರೋಜನನ್ನು ಹಿಡಿದಿಟ್ಟುಕೊಂಡಿರುತ್ತದೆ. ಇನ್ಸುಲಿನ್ ಏರಿದರೆ ಈ ಪ್ರೋಟೀನ್ ಇಳಿಯುತ್ತದೆ. ಬಿಡಿಯಾಗಿ ಉಳಿದ ಟೆಸ್ಟೊಸ್ಟಿರಾನ್ ಕೂದಲಿನ ಬುಡಕ್ಕೂ ಚರ್ಮಕ್ಕೂ ಹೋಗುತ್ತದೆ. ಗದ್ದದಲ್ಲಿ ಕೂದಲು, ದವಡೆಯ ಉದ್ದಕ್ಕೂ ಮೊಡವೆ, ಬೈತಲೆ ಅಗಲವಾಗುವುದು ಎಲ್ಲ ಇದರಿಂದಲೇ. ಕತ್ತಿನ ಆ ಕಪ್ಪು ಇನ್ಸುಲಿನ್ ಏರಿದ್ದರ ಗುರುತು. ಉಜ್ಜಿದರೆ ಹೋಗುವುದಿಲ್ಲ, ದಯವಿಟ್ಟು ಉಜ್ಜಬೇಡಿ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಹಾಳೆ ತಗೊಳ್ಳಿ. ಹೋದ ಒಂದು ವರ್ಷದಲ್ಲಿ ಮುಟ್ಟಾದ ದಿನಗಳನ್ನು ನೆನಪಿದ್ದಷ್ಟು ಬರೆಯಿರಿ. ಅಂತರ 35 ದಿನಕ್ಕಿಂತ ಜಾಸ್ತಿಯೇ, ವರ್ಷಕ್ಕೆ ಎಂಟಕ್ಕಿಂತ ಕಡಿಮೆಯೇ ನೋಡಿ. ಕೂದಲು ಎಲ್ಲೆಲ್ಲಿ ಅಂತ ಸಂಕೋಚವಿಲ್ಲದೆ ಬರೆಯಿರಿ: ಮೇಲ್ದುಟಿ, ಗದ್ದ, ಎದೆ, ಹೊಕ್ಕುಳಿನ ಕೆಳಗೆ, ತೊಡೆ, ಬೆನ್ನು. ಯಾವಾಗ ಶುರುವಾಯಿತು, ಎಷ್ಟು ದಿನಕ್ಕೊಮ್ಮೆ ತೆಗೆಸುತ್ತೀರಿ ಅನ್ನುವುದೂ ಇರಲಿ. ಡಾಕ್ಟರು ಕೂದಲನ್ನು ಕಣ್ಣಲ್ಲಿ ನೋಡಿ ಅಳೆಯುತ್ತಾರೆ. ನುಣ್ಣಗೆ ಮಾಡಿಸಿಕೊಂಡು ಹೋದರೆ ಅವರಿಗೆ ಏನೂ ಕಾಣುವುದಿಲ್ಲ. ತೆಗೆಸದೆ ಇರಲು ಆಗದಿದ್ದರೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ತಗೊಳ್ಳುತ್ತಿರುವ ಔಷಧಿಗಳನ್ನೂ ಸೇರಿಸಿ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್, ಜಿಮ್ಮಿನ ಸ್ಟಿರಾಯ್ಡ್‌ಗಳು ಈ ತೊಂದರೆ ತರಬಹುದು. ಕೂದಲಿಗೆ ಅಂತ ನುಂಗುವ ಬಯೋಟಿನ್ ಎಂಬ ವಿಟಮಿನ್ ರಕ್ತಪರೀಕ್ಷೆಯನ್ನೇ ಏರುಪೇರು ಮಾಡಬಹುದು. ಆದರೆ ಕಾಯಿಲೆಗೆ ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಟೆಸ್ಟೊಸ್ಟಿರಾನ್, ಎಸ್‌ಎಚ್‌ಬಿಜಿ, ಥೈರಾಯ್ಡ್, ಎದೆಹಾಲಿನ ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್, ಸಕ್ಕರೆ ಪರೀಕ್ಷೆ ಸಾಮಾನ್ಯವಾಗಿ ಬರೆಯುತ್ತಾರೆ. ಅಡ್ರಿನಲ್‌ನ ಹುಟ್ಟಿನ ದೋಷ ಇದೆಯಾ ಎಂದು ನೋಡಲು 17-ಹೈಡ್ರಾಕ್ಸಿ ಪ್ರೊಜೆಸ್ಟಿರಾನ್ ಎಂಬ ಪರೀಕ್ಷೆ ಇದೆ. ಮುಟ್ಟಿನ ಮೊದಲ ಕೆಲವು ದಿನಗಳಲ್ಲಿ, ಬೆಳಿಗ್ಗೆ ರಕ್ತ ಕೊಟ್ಟರೆ ಫಲಿತಾಂಶ ಸರಿಯಾಗಿ ಸಿಗುತ್ತದೆ. ಸ್ಕ್ಯಾನಿನಲ್ಲಿ "ಗುಳ್ಳೆ" ಅಂದರೆ ಹೆದರಬೇಡಿ. ಅವು ಪೂರ್ತಿ ಬೆಳೆಯದೆ ನಿಂತ, ಒಳಗೆ ಅಂಡಾಣು ಇರುವ ಪುಟ್ಟ ಚೀಲಗಳು. ಮೈನೆರೆದು ಎಂಟು ವರ್ಷವಾಗದ ಹುಡುಗಿಯರಲ್ಲಿ ಬರೀ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನಬಾರದು.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಕೆಲವೇ ತಿಂಗಳಲ್ಲಿ ಕೂದಲು ವಿಪರೀತ ಬಂದರೆ, ದನಿ ಗಡುಸಾದರೆ, ನೆತ್ತಿ ಬೋಳಾಗತೊಡಗಿದರೆ, ಯೋನಿಯ ಮೇಲ್ಭಾಗದ ಕ್ಲಿಟೋರಿಸ್ ದಪ್ಪವಾದರೆ ಆ ವಾರವೇ ತೋರಿಸಿ. ಅಪರೂಪ, ಆದರೂ ಅಂಡಾಶಯದಲ್ಲೋ ಅಡ್ರಿನಲ್‌ನಲ್ಲೋ ಗೆಡ್ಡೆ ಇರಬಹುದು.

ಮೂರು ತಿಂಗಳಾದರೂ ಮುಟ್ಟಾಗದಿದ್ದರೆ "ಒಳ್ಳೆಯದೇ ಆಯ್ತು, ಕಿರಿಕಿರಿ ಇಲ್ಲ" ಅಂತ ಸುಮ್ನೆ ಇರಬೇಡಿ. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಡಯಾಬಿಟಿಸ್ ಅಪಾಯವೂ ಇದೆ, ಹಾಗಾಗಿ ಆಗಾಗ ಸಕ್ಕರೆ ನೋಡಿಸಿಕೊಳ್ಳಿ.

ತೂಕ ಜಾಸ್ತಿ ಇದ್ದರೆ ನೂರಕ್ಕೆ ಐದರಷ್ಟು ಇಳಿದರೂ ಗುಣ ಕಾಣಬಹುದು. 70 ಕೆಜಿ ಇದ್ದವರಿಗೆ ಅದು ಮೂರೂವರೆ ಕೆಜಿ. ಸಣ್ಣಗಿರುವವರಿಗೂ ಈ ಕಾಯಿಲೆ ಬರುತ್ತದೆ, ಅವರನ್ನು ಉಪವಾಸ ಕೆಡವಬೇಡಿ. ಗರ್ಭನಿರೋಧಕ ಮಾತ್ರೆ, ಇನ್ಸುಲಿನ್ ಹತೋಟಿಗೆ ತರುವ ಮೆಟ್‌ಫಾರ್ಮಿನ್, ಆಂಡ್ರೋಜನ್ ತಡೆಯುವ ಸ್ಪೈರೋನೊಲ್ಯಾಕ್ಟೋನ್ ಯಾರಿಗೆ ಯಾವುದು ಅನ್ನುವುದು ಡಾಕ್ಟರ ತೀರ್ಮಾನ. ಸ್ಪೈರೋನೊಲ್ಯಾಕ್ಟೋನ್ ತಗೊಳ್ಳುವಾಗ ಬಸಿರಾಗಬಾರದು ಅನ್ನುವುದು ನೆನಪಿರಲಿ.

ಔಷಧಿ ಶುರುವಾದ ಮೇಲೂ ಕೂದಲು ಕಡಿಮೆಯಾಗಲು ಆರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಥ್ರೆಡ್ಡಿಂಗ್ ಮಾಡಿಸಿಕೊಳ್ಳಿ. ಅದರಿಂದ ಕೂದಲು ದಪ್ಪವಾಗುವುದಿಲ್ಲ. ಲೇಸರ್‌ಗೆ ದುಡ್ಡು ಹಾಕುವುದಾದರೆ ಮೊದಲು ಹಾರ್ಮೋನ್ ಹತೋಟಿಗೆ ಬರಲಿ, ಇಲ್ಲದಿದ್ದರೆ ಹೊಸ ಕೂದಲು ಬರುತ್ತಲೇ ಇರುತ್ತದೆ. ನನ್ನ ತಂಗಿ ಏಳನೇ ತಿಂಗಳಲ್ಲಿ ಗದ್ದ ತೋರಿಸಿಕೊಂಡು ಬಂದಾಗ, ಹಿಂದಿನ ಸಲ ತೆಗೆದು ಐದು ವಾರವಾಗಿತ್ತು.