ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಒಳಜಗಳ ಅರ್ಥ ಮಾಡಿಕೊಳ್ಳುವುದು ಹೇಗೆ?

ಮೊದಲು ನಾಯಕರ ಹೆಸರುಗಳನ್ನು ಬದಿಗಿಡಿ. ಜಗಳ ಯಾವುದಕ್ಕೆ ಅಂತ ನೋಡಿ. ಈ ಪಕ್ಷದ ದೊಡ್ಡ ಒಡಕುಗಳಲ್ಲಿ ಪದೇ ಪದೇ ಕಾಣುವುದು ಒಂದೇ ಪ್ರಶ್ನೆ: ಹೊರದೇಶಗಳಿಗೆ ಬಾಗಿಲು ಎಷ್ಟು ತೆರೆಯಬೇಕು?

1846ರಿಂದ ಓದಿ. ಪ್ರಧಾನಿ ರಾಬರ್ಟ್ ಪೀಲ್ ಆಮದು ಧಾನ್ಯದ ಸುಂಕದ ಕಾನೂನು ರದ್ದು ಮಾಡಿದರು, ಜಮೀನ್ದಾರರ ಪರ ಇದ್ದ ಸಂಸದರು ಸಿಡಿದೆದ್ದರು, ಪಕ್ಷ ಇಬ್ಭಾಗವಾಯಿತು, ಪೀಲ್ ಜೊತೆ ನಿಂತ ಗ್ಲ್ಯಾಡ್‌ಸ್ಟನ್ ಮುಂದೆ ಲಿಬರಲ್ ಪ್ರಧಾನಿಯೇ ಆದರು. 1904ರಲ್ಲಿ ಚರ್ಚಿಲ್ ಕೂಡ ಸುಂಕದ ಜಗಳದಲ್ಲೇ ಪಕ್ಷ ಬಿಟ್ಟರು. ಆಮೇಲೆ ವಾಪಸ್ ಬಂದರು ಬಿಡಿ.

ನಂತರ ಸುಂಕದ ಜಾಗಕ್ಕೆ ಯುರೋಪ್ ಬಂತು. 1973ರಲ್ಲಿ ಪ್ರಧಾನಿ ಹೀತ್ ದೇಶವನ್ನು ಯುರೋಪಿನ ಒಕ್ಕೂಟಕ್ಕೆ ಸೇರಿಸಿದರು. 2016ರಲ್ಲಿ ಅದೇ ಪಕ್ಷದ ಪ್ರಧಾನಿ ಕ್ಯಾಮರೂನ್ ಒಕ್ಕೂಟದಲ್ಲಿ ಉಳಿಯಬೇಕೇ ಅಂತ ಜನಮತ ಕೇಳಿ ಸೋತು ಹೋದರು. 2019ರಲ್ಲಿ ಪ್ರಧಾನಿ ಜಾನ್ಸನ್ ಇದೇ ಯುರೋಪ್ ವಿಚಾರದಲ್ಲಿ ಎದುರು ನಿಂತ ತಮ್ಮದೇ 21 ಸಂಸದರನ್ನು ಸಂಸದೀಯ ಪಕ್ಷದಿಂದ ಹೊರಹಾಕಿದರು. ಅದರಲ್ಲಿ ಚರ್ಚಿಲ್ ಮೊಮ್ಮಗನೂ ಇದ್ದರು!

ಸುದ್ದಿಯಲ್ಲಿ ‘1922 ಸಮಿತಿ’ ಅಂತ ಕಂಡರೆ ಗಮನ ಕೊಡಿ. ಇದು ಈ ಪಕ್ಷದ ಮಂತ್ರಿಗಿರಿ ಇಲ್ಲದ ಸಂಸದರ ಕೂಟ. ಶುರುವಾಗಿದ್ದು ಮಾತ್ರ 1923ರಲ್ಲಿ. ನಾಯಕರ ಮೇಲಿನ ಅವಿಶ್ವಾಸದ ಪತ್ರಗಳು ಸೇರುವುದು ಇದರ ಅಧ್ಯಕ್ಷರ ಬಳಿ.

ಸಂಸದರು ಬೇರೆ, ಪಕ್ಷದ ಸಾಮಾನ್ಯ ಸದಸ್ಯರು ಬೇರೆ, ಇದನ್ನು ಮರೆಯಬೇಡಿ. 2022ರಲ್ಲಿ ಪಕ್ಷದ ನಾಯಕರ ಆಯ್ಕೆ ನಡೆದಾಗ ನಮ್ಮ ನಾರಾಯಣ ಮೂರ್ತಿಯವರ ಅಳಿಯ ರಿಷಿ ಸುನಕ್ ಸಂಸದರ ಮತದಲ್ಲಿ ಮುಂದಿದ್ದರು. ಸದಸ್ಯರು ಲಿಜ್ ಟ್ರಸ್ ಅವರನ್ನು ಗೆಲ್ಲಿಸಿದರು. ಎರಡು ತಿಂಗಳು ತುಂಬುವ ಮೊದಲೇ ಟ್ರಸ್ ಹೋದರು, ಸದಸ್ಯರ ಮತದಾನವೇ ಇಲ್ಲದೆ ಸುನಕ್ ಬಂದರು.