ನಿಮ್ ಪೇಂಟಿಂಗ್ ಆನ್‌ಲೈನಲ್ಲಿ ಮಾರ್ಬೇಕಾ, ಮೊದಲು ನಿಮ್ಮೂರ ಕಡೆಯವರನ್ನ ಹುಡುಕ್ಕೊಳ್ಳಿ

ಎರಡು ವರ್ಷ ನಾನು ಇನ್‌ಸ್ಟಾಗ್ರಾಮಲ್ಲಿ ಹಾಕ್ತಿದ್ದಿದ್ದೆಲ್ಲ ಬುದ್ಧನ ಮುಖ, ನವಿಲು, ಸಂಜೆ ಸೂರ್ಯ. ಲೈಕ್ ಬರ್ತಿತ್ತು, ಆದ್ರೆ ಕೊಡ್ತಿದ್ದವರೆಲ್ಲ ನನ್ನ ಥರಾನೇ ಚಿತ್ರ ಬರೆಯೋರು, ಅವ್ರು ನನ್ನ ಹತ್ರ ಯಾಕೆ ಕೊಂಡ್ಕೊತಾರೆ ಹೇಳಿ. ಆಮೇಲೆ ಒಂದ್ಸಲ ಶಿಡ್ಲಘಟ್ಟದಲ್ಲಿ ನಮ್ ದೊಡ್ಡಮ್ಮನ ಮನೆಗೆ ಹೋದಾಗ ಹಿತ್ತಲ ಗೋಡೆಗೆ ಹಳೇ ಬಿದಿರಿನ ಚಂದ್ರಿಕೆ (ರೇಷ್ಮೆ ಹುಳ ಗೂಡು ಕಟ್ಟೋಕೆ ಬಿಡೋ, ಪಟ್ಟಿ ಸುರುಳಿ ಸುತ್ತಿದ ತಟ್ಟೆ) ಒರಗಿಸಿಟ್ಟಿದ್ರು, ಒಂದೆರಡು ಕಡೆ ಪಟ್ಟಿ ಕಿತ್ತೋಗಿತ್ತು, ಮೂಲೇಲಿ ಒಂದು ಒಣಗಿದ ಗೂಡು ಅಂಟ್ಕೊಂಡೇ ಇತ್ತು. ಅದನ್ನ ವಾಟರ್‌ಕಲರಲ್ಲಿ ಬರೆದು, ಹುಳ ಹಣ್ಣಾದ, ಅಂದ್ರೆ ಗೂಡು ಕಟ್ಟೋ ಹದಕ್ಕೆ ಬಂದ ದಿನ ಮನೆಯವರೆಲ್ಲ ರಾತ್ರಿ ಎದ್ದು ಆರಿಸಿ ಚಂದ್ರಿಕೆಗೆ ಬಿಡ್ತಿದ್ದಿದ್ದನ್ನ ಎರಡು ಸಾಲಲ್ಲಿ ಬರೆದು ಹಾಕಿದೆ ಅಷ್ಟೆ. ನಮ್ಮಜ್ಜಿ ಮನೇಲೂ ಇತ್ತು, ಆ ವಾಸನೆ ಇನ್ನೂ ಮೂಗಲ್ಲಿದೆ ಅಂತ ಗೊತ್ತಿಲ್ಲದವರೆಲ್ಲ ಬರೆದ್ರು. ಮಾರನೇ ದಿನ ಬೆಂಗಳೂರಲ್ಲಿ ಕೆಲಸ ಮಾಡೋ ಒಬ್ಬ ಹುಡುಗಿ ಮೆಸೇಜ್ ಮಾಡಿದ್ಳು, "ಅಣ್ಣ, ಇದು ಕೊಡೋದಾ? ನಮ್ಮಪ್ಪಂಗೆ ಬೇಕು." ಅದೇ ನನ್ನ ಮೊದಲನೇ ಮಾರಾಟ.

ಆವತ್ತು ಅರ್ಥ ಆಗಿದ್ದು, ಫಾಲೋ ಮಾಡೋರೇ ಬೇರೆ, ಕೊಳ್ಳೋರೇ ಬೇರೆ. ನಮ್ಮಂಥವರ ಚಿತ್ರ ಕೊಳ್ಳೋರು ಅಂದ್ರೆ ಊರು ಬಿಟ್ಟು ಹೋದವರು, ಹೊಸ ಮನೆ ಕಟ್ಟಿದವರು, ಗೃಹಪ್ರವೇಶಕ್ಕೆ ಏನಾದ್ರೂ ಬೇರೆ ಥರ ಕೊಡ್ಬೇಕು ಅನ್ನೋರು. ಅವರಿಗೆ ಗುರುತು ಸಿಗೋ ಅಂಥದ್ದನ್ನ ಬರೀರಿ. ಚಿಕ್ಕಬಳ್ಳಾಪುರದವರಾದ್ರೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಇದೆ, ಕಂದವಾರ ಕೆರೆ ಇದೆ. ಕೋಲಾರದವರಿಗೆ ಕೋಲಾರಮ್ಮನ ಗುಡಿ, ಅಂತರಗಂಗೆ, ಕೆಜಿಎಫ್‌ನ ಸೈನೈಡ್ ಗುಡ್ಡ, ಅಂದ್ರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ (ಗಣಿ ಮುಚ್ಚಿದ್ದು 2001ರಲ್ಲಿ, ಅಲ್ಲಿ ಹುಟ್ಟಿ ಬೆಳೆದವರು ಈಗ ಎಲ್ಲೆಲ್ಲೋ ಇದ್ದಾರೆ). ತುಮಕೂರಿನವರು ಒಂದ್ಸಲ ಸೀಬಿ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋಗಿ ಕತ್ತೆತ್ತಿ ಚಾವಣಿ ಮೇಲಿನ ಚಿತ್ರ ನೋಡ್ಕೊಂಡು ಬನ್ನಿ, ಶಿರಾ ರೋಡಲ್ಲೇ ಇದೆ. ದೇವಸ್ಥಾನಾನೇ ಆಗ್ಬೇಕು ಅಂತೇನಿಲ್ಲ, ಟೊಮೇಟೊ ಕ್ರೇಟು, ದ್ರಾಕ್ಷಿ ಚಪ್ಪರ, ಬಸ್ ಸ್ಟ್ಯಾಂಡ್ ಟೀ ಅಂಗಡಿ ಯಾವುದಾದ್ರೂ ಆಗತ್ತೆ, ನೀವು ಹತ್ತಿರದಿಂದ ನೋಡಿರ್ಬೇಕು ಅಷ್ಟೆ.

ಫೋಟೋ ವಿಷ್ಯಕ್ಕೆ ಬರೋಣ, ಇಲ್ಲೇ ತುಂಬ ಜನ ಸೋಲೋದು. ಟ್ಯೂಬ್‌ಲೈಟ್ ಕೆಳಗೆ ತೆಗೆದ್ರೆ ಎಷ್ಟೇ ಒಳ್ಳೆ ಚಿತ್ರ ಆದ್ರೂ ಕಳೆಗುಂದಿರೋ ಥರ ಕಾಣತ್ತೆ. ಬೆಳಿಗ್ಗೆ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಗೋಡೆಗೆ ನಿಲ್ಲಿಸಿ, ಫ್ಲಾಶ್ ಬೇಡ, ಫೋನು ಚಿತ್ರಕ್ಕೆ ಸಮ ಇರ್ಬೇಕು ಇಲ್ಲಾಂದ್ರೆ ಒಂದು ಕಡೆ ಅಗಲ ಒಂದು ಕಡೆ ಸಣ್ಣ ಆಗತ್ತೆ, ಕ್ಯಾಮೆರಾದಲ್ಲಿ ಗ್ರಿಡ್ ಆನ್ ಮಾಡ್ಕೊಂಡ್ರೆ ಸುಲಭ. ಪೋಸ್ಟ್ ಸೈಜ್ 1080 ಬೈ 1350 ಪಿಕ್ಸೆಲ್ ಇಟ್ಕೊಳಿ, ಫೋನಲ್ಲಿ ಚೌಕದ ಫೋಟೋಗಿಂತ ದೊಡ್ಡದಾಗಿ ಕಾಣತ್ತೆ. ಇನ್ನೊಂದು ಫೋಟೋ ತಪ್ಪದೇ ಹಾಕಿ, ಚಿತ್ರದ ಪಕ್ಕ ಒಂದು ಸ್ಟೀಲ್ ಲೋಟನೋ ನಿಮ್ ಕೈನೋ ಇಟ್ಟು ತೆಗೆದಿದ್ದು, ಎಷ್ಟು ದೊಡ್ಡದು ಅಂತ ಕೊಳ್ಳೋರಿಗೆ ಕಣ್ಣಿಗೆ ಕಾಣ್ಬೇಕು.

ರೀಲ್‌ಗೆ ಸ್ಟ್ಯಾಂಡ್ ಕೊಳ್ಳೋದೇನೂ ಬೇಡ, ನಾನು ಇವತ್ತಿಗೂ ಎರಡು ಹಿಟ್ಟಿನ ಡಬ್ಬ ಇಟ್ಟು ಮೇಲೆ ಸ್ಕೇಲ್ ಅಡ್ಡ ಹಾಕಿ ಅದಕ್ಕೆ ಫೋನ್ ಕಟ್ಟಿ ತೆಗೀತೀನಿ. ಖಾಲಿ ಪೇಪರಿಂದ ಶುರು ಮಾಡ್ಬೇಡಿ, ಒದ್ದೆ ಪೇಪರ್ ಮೇಲೆ ಬಣ್ಣ ಬಿದ್ದು ಹರಡೋದನ್ನೇ ಮೊದಲು ತೋರ್ಸಿ. ವಾರಕ್ಕೆ ಎರಡು ಪೋಸ್ಟ್ ಸಾಕು, ಆದ್ರೆ ತಿಂಗಳುಗಟ್ಲೆ ನಾಪತ್ತೆ ಆಗ್ಬೇಡಿ.

ಕೆಳಗೆ ಬರೆಯೋದು ಕನ್ನಡದಲ್ಲೇ ಬರೀರಿ, ಊರಿನ ಹೆಸರು ಮಾತ್ರ ಕನ್ನಡದಲ್ಲೂ ಇಂಗ್ಲಿಷಲ್ಲೂ ಹಾಕಿ, ಹುಡುಕೋರು ಎರಡೂ ಥರ ಟೈಪ್ ಮಾಡ್ತಾರೆ. ಅಳತೆ, ಪೇಪರು, ಬಣ್ಣ, ಬೆಲೆ ಎಲ್ಲ ಅಲ್ಲೇ ಇರ್ಲಿ. ಬೆಲೆಗೆ ಮೆಸೇಜ್ ಮಾಡಿ ಅಂತ ಹಾಕಿದ್ರೆ ಅರ್ಧ ಜನ ಕೇಳೋಕೆ ಸಂಕೋಚ ಪಟ್ಕೊಂಡು ಸುಮ್ನಾಗ್ತಾರೆ.

ಬೆಲೆ ಹೇಗೆ ಇಡೋದು ಅಂತ ತುಂಬ ಜನ ಕೇಳ್ತಾರೆ. ನಾನು ಚದರ ಇಂಚಿನ ಲೆಕ್ಕ ಇಟ್ಕೊಂಡಿದೀನಿ. ಕ್ವಾರ್ಟರ್ ಶೀಟ್ ಅಂದ್ರೆ 11 ಬೈ 15 ಇಂಚು, 165 ಚದರ ಇಂಚು, ಇಂಚಿಗೆ 15 ರೂಪಾಯಿ ಅಂದ್ರೆ 2,475 ಆಗತ್ತೆ, ಅದರ ಮೇಲೆ ಪೇಪರ್, ಪ್ಯಾಕಿಂಗ್, ಕೊರಿಯರ್. ಶುರುವಲ್ಲಿ ಇಂಚಿಗೆ 8 ರೂಪಾಯಿ ಇಡ್ತೀರಾ ಇಡಿ, ಆದ್ರೆ ಎಲ್ಲರಿಗೂ ಒಂದೇ ರೇಟು. ನೆಂಟರು ಬಂದು ನಮಗೂ ದುಡ್ಡಾ ಅಂತಾರೆ, ನಗ್ತಾ ಒಂದು ಚಿಕ್ಕ ಸ್ಕೆಚ್ ಉಡುಗೊರೆ ಕೊಡಿ, ದೊಡ್ಡ ಚಿತ್ರದ ರೇಟ್ ಮಾತ್ರ ಇಳಿಸ್ಬೇಡಿ.

ಮೆಸೇಜ್ ಮಾಡಿದ ಪ್ರತಿಯೊಬ್ರ ನಂಬರೂ ಕೇಳಿ ಸೇವ್ ಮಾಡ್ಕೊಳಿ. ವಾಟ್ಸಾಪ್ ಬಿಸಿನೆಸ್ ಫ್ರೀ, ಅದರಲ್ಲಿ ಕ್ಯಾಟಲಾಗ್ ಮಾಡಿ ಚಿತ್ರ ಜೋಡಿಸಿ. ಬ್ರಾಡ್‌ಕಾಸ್ಟ್ ಮಾಡಿದ್ರೆ, ಅಂದ್ರೆ ಒಂದೇ ಮೆಸೇಜ್ ಎಲ್ಲರಿಗೂ ಒಟ್ಟಿಗೆ ಕಳಿಸಿದ್ರೆ, ಅವರೂ ನಿಮ್ ನಂಬರ್ ಸೇವ್ ಮಾಡಿದ್ರೆ ಮಾತ್ರ ತಲುಪತ್ತೆ, ಅದಕ್ಕೇ ಪ್ಯಾಕೆಟ್ ಒಳಗೆ ಒಂದು ಚೀಟಿಲಿ ಕೈಬರಹದಲ್ಲೇ ನಂಬರ್ ಬರೆದು ಸೇವ್ ಮಾಡ್ಕೊಳಿ ಅಂತ ಕೇಳಿ. ನನಗೆ ಸಾವಿರಾರು ಫಾಲೋವರ್ಸ್‌ಗಿಂತ ಆ ನೂರು ನೂರೈವತ್ತು ನಂಬರೇ ಅನ್ನ ಹಾಕೋದು. ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೇಲಿ ವರ್ಷಕ್ಕೊಂದ್ಸಲ ಚಿತ್ರಸಂತೆ ಮಾಡ್ತಾರಲ್ಲ, ಅಲ್ಲಿ ಜಾಗ ಸಿಕ್ಕಿದ್ರೆ ನಿಮ್ ಪೇಜಿನ ಕ್ಯೂಆರ್ ದೊಡ್ಡದಾಗಿ ಪ್ರಿಂಟ್ ಮಾಡ್ಸಿ ನೇತಾಕಿ, ಆವತ್ತು ಕೊಳ್ಳದೇ ಹೋದವರು ಆಮೇಲೆ ಕೊಳ್ತಾರೆ.

ದುಡ್ಡಿನ ಬಗ್ಗೆ ಹುಷಾರು. ಬೆಲೆ ಕೇಳದೇನೇ ಎರಡು ಪೇಂಟಿಂಗ್ ಬೇಕು ಅಂತ ಹೇಳಿ, ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ ದುಡ್ಡು ಬರತ್ತೆ ಅನ್ನೋರು ಬಂದೇ ಬರ್ತಾರೆ. ದುಡ್ಡು ಬರೋದಕ್ಕೆ ಯುಪಿಐ ಪಿನ್ ಹಾಕೋದೇ ಬೇಕಾಗಲ್ಲ, ಪಿನ್ ಹಾಕಿದ್ರೆ ಹೋಗೋದು ನಿಮ್ ದುಡ್ಡು. ಆರ್ಡರ್ ಮೇಲೆ ಬರೆಯೋದಾದ್ರೆ ಅರ್ಧ ಅಡ್ವಾನ್ಸ್ ತಗೊಳಿ. ಕಾನೂನಿನ ವಿಷ್ಯ ಒಂದು ತಿಳ್ಕೊಂಡಿರಿ, ನೀವಾಗೇ ಬರೆದು ಮಾರಿದ ಚಿತ್ರದ ಕಾಪಿರೈಟ್ ಮಾರಿದ ಮೇಲೂ ನಿಮ್ಮದೇ, ಆದ್ರೆ ದುಡ್ಡು ಕೊಟ್ಟು ಹೇಳಿ ಬರೆಸಿದ್ದಾದ್ರೆ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ರೆ ಅದು ಬರೆಸಿದವರದ್ದು. ಪ್ರಿಂಟ್ ಹಾಕಿ ಮಾರೋ ಯೋಚನೆ ಇದ್ರೆ ಕಾಪಿರೈಟ್ ನನ್ನ ಹತ್ರಾನೇ ಇರತ್ತೆ ಅಂತ ಬರೆದು, ಅವರ ಒಪ್ಪಿಗೆನೂ ಬರಹದಲ್ಲೇ ತಗೊಂಡು ಶುರು ಮಾಡಿ.

ಪ್ಯಾಕಿಂಗಲ್ಲಿ ನಾನು ಒಂದು ಚಿತ್ರಾನೇ ಕಳ್ಕೊಂಡಿದೀನಿ. ಮಳೆಗಾಲದಲ್ಲಿ ರಟ್ಟಿನ ಟ್ಯೂಬಲ್ಲಿ ಕಳ್ಸಿದ್ದು, ತಲುಪೋ ಹೊತ್ತಿಗೆ ಟ್ಯೂಬು ನೆಂದು ಚಪ್ಪಟೆ, ಮೂರು ವಾರದ ಕೆಲಸ ಕಲೆ ಕಲೆ ಆಗೋಗಿತ್ತು, ಇನ್ನೊಂದು ಬರೆದು ಕಳಿಸ್ದೆ. ಈಗ ಹಾರ್ಡ್‌ವೇರ್ ಅಂಗಡೀಲಿ ಮೂರಿಂಚಿನ ಪಿವಿಸಿ ಪೈಪ್ ಉದ್ದಕ್ಕೆ ಕತ್ತರಿಸ್ಕೊಂಡು, ಚಿತ್ರಕ್ಕೆ ಬಟರ್ ಪೇಪರ್, ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ, ಎರಡೂ ಕಡೆ ಕ್ಯಾಪ್ ಹಾಕಿ ಟೇಪ್ ಹೊಡೀತೀನಿ. ಗಾಜಿನ ಫ್ರೇಮ್ ಅಂತೂ ಕಳಿಸ್ಲೇಬೇಡಿ, ಅವರೂರಲ್ಲೇ ಹಾಕಿಸ್ಕೊಳ್ಳಲಿ.

ತಲುಪಿದ ಮೇಲೆ ಗೋಡೆಗೆ ಹಾಕಿ ಒಂದು ಫೋಟೋ ಕಳಿಸಿ ಅಂತ ಕೇಳಿ, ಅವರು ಒಪ್ಪಿದ್ರೆ ಅದನ್ನ ಪೋಸ್ಟ್ ಮಾಡಿ. ಆ ಚಂದ್ರಿಕೆ ಕೊಂಡ ಹುಡುಗಿ ಅವ್ರಪ್ಪನ್ನ ಚಿತ್ರದ ಪಕ್ಕ ನಿಲ್ಲಿಸಿ ಫೋಟೋ ತೆಗೆದು ಕಳ್ಸಿದ್ಳು, ಜೊತೆಗೆ ಅವರದ್ದೊಂದು ವಾಯ್ಸ್ ಮೆಸೇಜು, "ಚೆನ್ನಾಗಿದೆ ಕಣಪ್ಪ, ಆದ್ರೆ ಪಟ್ಟಿ ಸುತ್ತು ಇಷ್ಟು ಅಗಲ ಬಿಡಲ್ಲ, ಹುಳ ಜಾರೋಗತ್ತೆ." ಅವರನ್ನ ಕೇಳಿ ಆ ವಾಯ್ಸ್ ಹಾಕಿ, ಸುತ್ತು ತಿದ್ದಿ ಬರೆದ ಎರಡನೇ ಚಿತ್ರಾನೂ ಹಾಕಿದೆ, ಅದೇ ವಾರ ದೇವನಹಳ್ಳಿ ಹತ್ರದ ವಿಜಯಪುರ ಕಡೆಯಿಂದ, ಚಿಂತಾಮಣಿ ಕಡೆಯಿಂದ ಮೂರು ಆರ್ಡರ್ ಬಂತು. ಈಗ ರೇಷ್ಮೆ ಮನೆ ಚಿತ್ರ ಏನೇ ಬರೆದ್ರೂ ಪೆನ್ಸಿಲ್ ಸ್ಕೆಚ್ ಮೊದಲು ಆ ಯಜಮಾನ್ರಿಗೆ ಹೋಗತ್ತೆ, ಅವರು ಸರಿ ಅಂದ ಮೇಲೇನೇ ಬಣ್ಣ.